ರ‍್ಯಾಂಗ್ಲರಿನ ಬಟನ್ ಟೈರು ಕ್ಯಾಲ್ಗರಿಯ ಚಳಿಗೆ ಸಾಲದು

ನಮಸ್ಕಾರ,

ಕೆನಡಾದ ಕ್ಯಾಲ್ಗರಿಯಲ್ಲಿ ಇದು ನಿಮ್ಮ ಮೊದಲ ಚಳಿಗಾಲ. ಸೆಕೆಂಡ್‌ಹ್ಯಾಂಡ್ ಜೀಪ್ ರ‍್ಯಾಂಗ್ಲರ್ ತೆಗೆದುಕೊಂಡಿದ್ದೀರಿ, ಅದಕ್ಕೆ 35 ಇಂಚಿನ ಮಡ್ ಟೆರೇನ್, ಅಂದರೆ ಕೆಸರಿನ ದಾರಿಗೆಂದೇ ಮಾಡಿದ ಟೈರಿದೆ. "ಮೂಡಿಗೆರೆ ಕಡೆ ತೋಟದ ದಾರೀಲಿ ಮಳೆಗಾಲವೆಲ್ಲ ಜೀಪ್ ಓಡಿಸಿದೋನು ನಾನು, ಈ ಟೈರಲ್ಲೇ ಚಳಿಗಾಲ ಕಳೀಬಹುದಾ ಅಕ್ಕಾ?" ಎಂದು ಕೇಳಿದ್ದೀರಿ. ಮಾರಿದವರು ಬೇರೆ, ಫೋರ್ ವೀಲ್ ಡ್ರೈವ್ ಇದೆ, ಟೈರಿನ ಮೇಲೆ ಎಂ ಪ್ಲಸ್ ಎಸ್ (ಮಡ್ ಪ್ಲಸ್ ಸ್ನೋ) ಗುರುತಿದೆ, ಸುಮ್ನೆ ಯಾಕೆ ದುಡ್ಡು ಹಾಕ್ತೀರಿ ಎಂದರಂತೆ.

ದುಡ್ಡು ಹಾಕಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೆಸರಿಗೆ ಬೇಕಾದ ಟೈರು, ಐಸಿಗೆ ಬೇಕಾದ ಟೈರು ಒಂದಕ್ಕೊಂದು ಪೂರ್ತಿ ಉಲ್ಟಾ. ಕೆಸರಿನಲ್ಲಿ ದಪ್ಪ ಬಟನ್, ಅಂದರೆ ಟೈರಿನ ಮೇಲೆ ಎದ್ದಿರುವ ರಬ್ಬರ್ ಗಟ್ಟಿಗಳು ಬೇಕು, ಬಟನ್‌ಗಳ ನಡುವೆ ಅಗಲವಾದ ಸಂದು ಬೇಕು. ಚಕ್ರ ತಿರುಗಿದಾಗ ಸಂದಿನ ಕೆಸರು ಸಿಡಿದು ಹೋಗಬೇಕು, ಬಟನ್ ಕೆಳಗಿನ ಗಟ್ಟಿ ನೆಲ ಹಿಡಿಯಬೇಕು. ಕಲ್ಲು ಕೊರೆಯಬಾರದು ಎಂದು ರಬ್ಬರನ್ನೂ ಗಡುಸಾಗಿ ಮಾಡಿರುತ್ತಾರೆ. ಐಸ್ ಮೇಲೆ ಹಾಗೆ ಅಗೆದು ಹಿಡಿಯಲು ಏನೂ ಸಿಗುವುದಿಲ್ಲ. ಅಲ್ಲಿ ಆದಷ್ಟು ಜಾಸ್ತಿ ರಬ್ಬರ್ ನೆಲಕ್ಕೆ ತಾಗಬೇಕು, ಆ ರಬ್ಬರಿನಲ್ಲಿ ಬ್ಲೇಡಿನಿಂದ ಸೀಳಿದಂಥ ಸಣ್ಣ ಗೀರುಗಳು ತುಂಬ ಇರಬೇಕು. ಒಂದೊಂದು ಗೀರಿನ ಅಂಚೂ ಐಸನ್ನು ಸ್ವಲ್ಪ ಸ್ವಲ್ಪ ಹಿಡಿಯುತ್ತದೆ. ಸ್ನೋ ಮೇಲಾದರೆ ಗೀರಿನೊಳಗೆ ಸ್ನೋ ತುಂಬಿಕೊಳ್ಳುತ್ತದೆ. ಸ್ನೋಗೆ ಸ್ನೋ ಚೆನ್ನಾಗಿ ಅಂಟುವುದರಿಂದ ಅದೂ ಅನುಕೂಲವೇ. ನಿಮ್ಮ ಮಡ್ ಟೈರಿನಲ್ಲಿ ಇಂಥ ಗೀರು ಎಷ್ಟಿದೆ, ಒಮ್ಮೆ ಬಗ್ಗಿ ನೋಡಿ.

ಇನ್ನು ಚಳಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಂತೆ ಮಾಮೂಲಿ ರಬ್ಬರ್ ಗಟ್ಟಿಯಾಗುತ್ತಾ ಬರುತ್ತದೆ. ಇಲ್ಲಿ ಮೈನಸ್ 25, ಮೈನಸ್ 30 ಬರುವ ವಾರಗಳಿವೆ. ವಿಂಟರ್ ಟೈರಿನ ರಬ್ಬರ್ ಬೇರೆ ಬಗೆಯದು, ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ.

ಎಂ ಪ್ಲಸ್ ಎಸ್ ನಂಬಬೇಡಿ. ಅದು ಟೈರಿನ ಮೇಲ್ಮೈಯಲ್ಲಿ ಸಂದು ಎಷ್ಟಿದೆ ಎಂಬುದನ್ನು ನೋಡಿ ಕಂಪನಿಯವರೇ ಹಾಕಿಕೊಳ್ಳುವ ಗುರುತು. ಸ್ನೋ ಮೇಲೆ ಓಡಿಸಿ ನೋಡಿರಲೇಬೇಕು ಎಂದೇನಿಲ್ಲ. ನೀವು ಹುಡುಕಬೇಕಾದದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು. ಅದು ಬೇಕಾದರೆ ಗಟ್ಟಿಯಾಗಿ ಕೂತ ಸ್ನೋ ಮೇಲಿನ ಪರೀಕ್ಷೆಯಲ್ಲಿ ಟೈರು ಪಾಸಾಗಿರಬೇಕು. ಆದರೆ ಆ ಪರೀಕ್ಷೆಯಲ್ಲಿ ಅಳೆಯುವುದು ಗಾಡಿ ಮುಂದಕ್ಕೆ ಹೋಗುವಾಗಿನ ಹಿಡಿತವನ್ನು. ಐಸ್ ಮೇಲೆ ಬ್ರೇಕ್ ಒತ್ತಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಆ ಗುರುತು ಹೇಳುವುದಿಲ್ಲ. ಬಿಎಫ್‌ಗುಡ್‌ರಿಚ್ ಕೆಒ2, ಫಾಲ್ಕನ್ ವೈಲ್ಡ್‌ಪೀಕ್, ಟೊಯೊ ಓಪನ್ ಕಂಟ್ರಿ ಥರದ ಆಲ್ ಟೆರೇನ್ (ಎಲ್ಲ ಬಗೆಯ ದಾರಿಗೂ ಆಗುವ) ಟೈರುಗಳಲ್ಲೂ ಈ ಗುರುತು ಇರುವಂಥವು ಸಿಗುತ್ತವೆ. ಮಡ್ ಟೈರಿಗಿಂತ ಅವು ಎಷ್ಟೋ ವಾಸಿ. ಒಂದೇ ಸೆಟ್ ಇಟ್ಟುಕೊಳ್ಳುವಷ್ಟೇ ದುಡ್ಡು, ಜಾಗ ಇದ್ದರೆ ಅದನ್ನೇ ಹಾಕಿ. ಆದರೆ ಹೊಳೆಯುವ ಐಸಿನ ಮೇಲೆ ನೋಕಿಯನ್ ಹಕ್ಕಪೆಲಿಟ್ಟ, ಬ್ರಿಡ್ಜ್‌ಸ್ಟೋನ್ ಬ್ಲಿಝಾಕ್ ಥರದ ನಿಜವಾದ ವಿಂಟರ್ ಟೈರಿಗೆ ಅವು ಸಮವಲ್ಲ. ನೋಕಿಯನ್‌ನವರು ಫಿನ್ಲೆಂಡಿನಲ್ಲಿ 1934ರಿಂದಲೇ ಚಳಿಗಾಲದ ಟೈರು ಮಾಡುತ್ತಾ ಬಂದವರು.

ಇಷ್ಟು ಒತ್ತಿ ಹೇಳಲು ಕಾರಣ ಈ ಊರಿನ ಹವೆ. ಕ್ಯಾಲ್ಗರಿಯಲ್ಲಿ ಚಿನೂಕ್ ಎಂಬ ಬೆಚ್ಚನೆ ಗಾಳಿ ರಾಕಿ ಬೆಟ್ಟಗಳಿಂದ ಇಳಿದು ಬರುತ್ತದೆ. ಬೆಳಿಗ್ಗೆ ಮೈನಸ್ 15 ಇದ್ದದ್ದು ಸಂಜೆ ಹೊತ್ತಿಗೆ ಸೊನ್ನೆ ದಾಟಬಹುದು. ರಸ್ತೆ ಬದಿಯ ಸ್ನೋ ಕರಗಿ ನೀರಾಗುತ್ತದೆ, ರಾತ್ರಿ ಅದೇ ನೀರು ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಸಿಗ್ನಲ್ ಹತ್ತಿರ ಎಲ್ಲರೂ ಬ್ರೇಕ್ ಒತ್ತಿ ಒತ್ತಿ ಅದು ಇನ್ನೂ ನುಣುಪಾಗಿರುತ್ತದೆ. ಇನ್ನೊಂದು ವಿಷಯ ಗೊತ್ತಿರಲಿ. ಮೈನಸ್ 25ರ ಐಸಿಗಿಂತ ಸೊನ್ನೆಯ ಹತ್ತಿರದ ಐಸೇ ಜಾಸ್ತಿ ಜಾರುತ್ತದೆ, ಮೇಲೆ ತೆಳ್ಳಗೆ ನೀರು ಇರುತ್ತದಲ್ವಾ. ಹಾಗಾಗಿ ಹವೆ ಹಿತವಾಗಿದೆ ಎಂದು ಅನ್ನಿಸುವ ದಿನವೇ ಹುಷಾರಾಗಿರಬೇಕು.

ಫೋರ್ ವೀಲ್ ಡ್ರೈವ್ ಹೊರಡುವಾಗ, ಏರುವಾಗ ಕೈ ಹಿಡಿಯುತ್ತದೆ. ನಿಲ್ಲಿಸುವಾಗ ಪ್ರತಿ ಕಾರಿಗೂ ನಾಲ್ಕು ಚಕ್ರದ ಬ್ರೇಕೇ. ಸಾಲದ್ದಕ್ಕೆ ನಿಮ್ಮದು ಪಾರ್ಟ್ ಟೈಮ್ ಫೋರ್ ವೀಲ್, ಅಂದರೆ ಬೇಕಾದಾಗ ಮಾತ್ರ ನಾವೇ ಹಾಕಿಕೊಳ್ಳುವಂಥದು ಆಗಿದ್ದರೆ ಒಣ ಡಾಂಬರಿನ ಮೇಲೆ ಅದನ್ನು ಹಾಕುವಂತಿಲ್ಲ. ಚಿನೂಕ್ ಬಂದು ಹೋದ ಮೇಲೆ ರಸ್ತೆ ಅರ್ಧ ಒಣಗಿ ಅರ್ಧ ಐಸ್ ಇರುತ್ತದೆ, ನೀವು ಟೂ ವೀಲ್‌ನಲ್ಲೇ ಇರುತ್ತೀರಿ. ಆಗ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಎರಡು ಬಾಗಿಲಿನ ರ‍್ಯಾಂಗ್ಲರ್ ಆದರೆ ಗಾಡಿ ಗಿಡ್ಡ, ಹಿಂಭಾಗ ತಿರುಗಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ಊರುಗಳಲ್ಲಿ ವಿಂಟರ್ ಟೈರ್ ಕಡ್ಡಾಯವಿಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಬಾನ್ಫ್ ದಾಟಿ ಗೋಲ್ಡನ್ ಕಡೆ ಹೋದರೆ ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ ಸಿಗುತ್ತದೆ, ಅಲ್ಲಿನ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ನಿಯಮ ಇದೆ. ಅಲ್ಲಿ ಬಟನ್ 3.5 ಮಿಲಿಮೀಟರ್ ಆಳ ಉಳಿದಿರುವ ಎಂ ಪ್ಲಸ್ ಎಸ್ ಟೈರಿಗೂ ಒಪ್ಪಿಗೆ ಇದೆ. ಅಂದರೆ ನಿಮ್ಮ ಮಡ್ ಟೈರ್ ಪೊಲೀಸರ ಹತ್ತಿರ ಪಾಸಾಗಬಹುದು. ಗೋಲ್ಡನ್ ಆಚೆಯ ರೋಜರ್ಸ್ ಪಾಸ್ ಎಂಬ ಘಾಟಿಯ ಇಳಿಜಾರಿನಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

ಹಾಗಾದರೆ ಏನು ಕೊಳ್ಳುವುದು? ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇದೆ, ಗಾಡಿಯ ಮೂಲ ಸೈಜ್ ಅದರಲ್ಲಿದೆ. ಆ ಸೈಜಿನ ವಿಂಟರ್ ಟೈರ್ ನಾಲ್ಕೂ ತೆಗೆದುಕೊಳ್ಳಿ. ಎರಡೇ ಹಾಕಿದರೆ ಮುಂದೊಂದು ಹಿಡಿತ, ಹಿಂದೊಂದು ಹಿಡಿತ ಆಗಿ ಗಾಡಿ ತಿರುಗಿಬಿಡುತ್ತದೆ. 35 ಇಂಚಿನದಕ್ಕಿಂತ ಅವು ಕಿರಿದು, ಆದರೆ ಕಿರಿದಾದ ಟೈರು ಸ್ನೋವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ, ಒಳ್ಳೆಯದೇ. ಬೇರೆ ಸ್ಟೀಲ್ ರಿಮ್‌ಗೆ ಹಾಕಿಸಿಬಿಡಿ, ಪ್ರತಿ ಸಲ ಟೈರು ಕಳಚಿ ಕೂರಿಸುವ ಖರ್ಚು ಉಳಿಯುತ್ತದೆ. ಎಲ್ಲಾ ಸೇರಿ ಸಾವಿರ ಡಾಲರ್ ದಾಟುತ್ತದೆ, ಹೊಸದಾಗಿ ಬಂದವರಿಗೆ ಅದು ಭಾರ ಎಂದು ಗೊತ್ತು. ಆದರೆ ಮಡ್ ಟೈರು ಆರು ತಿಂಗಳು ಶೆಡ್ಡಿನಲ್ಲಿ ಇರುವುದರಿಂದ ಅದರ ಆಯುಸ್ಸೂ ಬೆಳೆಯುತ್ತದೆ. ಹಳೆಯ ವಿಂಟರ್ ಟೈರ್ ಕೊಳ್ಳುವುದಾದರೆ ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು. ವಯಸ್ಸಾದ ರಬ್ಬರ್ ಗಟ್ಟಿಯಾಗಿರುತ್ತದೆ, ಬಟನ್ ಎಷ್ಟೇ ಆಳ ಇರಲಿ ಬೇಡ.

ಸೆಪ್ಟೆಂಬರಿನಲ್ಲೇ ಅಂಗಡಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಮೊದಲ ಸ್ನೋ ಬಿದ್ದ ಮೇಲೆ ಎಲ್ಲರೂ ಅಲ್ಲೇ ಇರುತ್ತಾರೆ. ಹಾಕಿಸಿದ ಮೇಲೆ 100 ಕಿಲೋಮೀಟರ್ ಒಳಗೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ. ಚಳಿ ಜೋರಾದಾಗಲೆಲ್ಲ ಟೈರಿನ ಗಾಳಿ ನೋಡಿ, ಉಷ್ಣತೆ 5-6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಟೈರ್ ಬದಲಾಯಿಸಿದ ಮೊದಲ ದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಸ್ನೋ ಮೇಲೆ ನಿಧಾನಕ್ಕೆ ಹೋಗಿ ಜೋರಾಗಿ ಬ್ರೇಕ್ ಒತ್ತಿ ನೋಡಿ. ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಾಲಿನಡಿ ಗಡಗಡ ಎನ್ನುತ್ತದೆ, ಹೆದರಿ ಕಾಲು ತೆಗೆಯಬೇಡಿ. ಯಾವ ಸೈಜ್ ಸಿಕ್ಕಿತು ಎಂದು ಬರೆಯಿರಿ, ಕೊಳ್ಳುವ ಮೊದಲು ಒಮ್ಮೆ ನೋಡಿ ಹೇಳುತ್ತೇನೆ.