ಆ್ಯಡ್ ಬ್ಲಾಕರ್ ಹಾಕಿಕೊಳ್ಳಿ, ಊರಿನ ಸುದ್ದಿಗೆ ಮಾತ್ರ ಬಿಟ್ಟುಕೊಡಿ

ನೀವು ಸೋಮವಾರಪೇಟೆ ಕಡೆಯವರು. ಅಪ್ಪ ಮೊಬೈಲ್‌ನಲ್ಲೇ ಸುದ್ದಿ ಓದುತ್ತಾರೆ, ಕಾಫಿ, ಕರಿಮೆಣಸಿನ ರೇಟು ನೋಡುತ್ತಾರೆ. ಪುಟದ ತುಂಬಾ ಜಾಹೀರಾತು. ಅದನ್ನು ತಡೆಯುವ ಆ್ಯಡ್ ಬ್ಲಾಕರ್ ಹಾಕಿದರೆ ಬರೆಯುವವರ ಹೊಟ್ಟೆ ಮೇಲೆ ಹೊಡೆದ ಹಾಗಾಗಲ್ವಾ ಅಂತ ಕೇಳಿದ್ದೀರಿ. ಹಾಕಿ ಅಂತಲೇ ನನ್ನ ಉತ್ತರ. ಆದರೆ ಹಾಕಿ ಮರೆತುಬಿಡಬೇಡಿ.

ಗೋಣಿಕೊಪ್ಪದಲ್ಲಿ ಫೋನ್, ಕಂಪ್ಯೂಟರ್ ರಿಪೇರಿ ಮಾಡುವವನು ನಾನು. 'ಫೋನಿಗೆ ವೈರಸ್ ಬಂದಿದೆ' ಅಂತ ಹೆದರಿಕೊಂಡು ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಹೆಚ್ಚಿನ ಸಲ ವೈರಸ್ ಇರುವುದೇ ಇಲ್ಲ. ಯಾವುದೋ ಪುಟ ತೆರೆದಾಗ ಜಾಹೀರಾತು ಅಡ್ಡ ಬಂದಿರುತ್ತದೆ. ಅದನ್ನು ಮುಚ್ಚಲು ಹೋಗಿ 'ಅಲೋ' ಒತ್ತಿರುತ್ತಾರೆ, ಅಂದರೆ ನೋಟಿಫಿಕೇಶನ್ ಕಳಿಸಲು ಆ ಸೈಟಿಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಅಲ್ಲಿಂದ ಶುರು. ನಿಮ್ಮ ಬ್ಯಾಟರಿ ಹಾಳಾಗಿದೆ, ನಿಮಗೆ ಬಹುಮಾನ ಬಂದಿದೆ, ಈ ಆ್ಯಪ್ ಹಾಕಿಕೊಳ್ಳಿ ಅಂತ ಇಡೀ ದಿನ ನೋಟಿಫಿಕೇಶನ್. ಮೋಸ ಹೋಗಲು ಅದರಲ್ಲಿ ಒಂದನ್ನು ನಂಬಿದರೆ ಸಾಕು.

ಸುದ್ದಿ ಸೈಟಿನವರು ಇಂಥದ್ದನ್ನು ಯಾಕೆ ಹಾಕುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಬಹಳ ಸಲ ಅದು ಅವರಿಗೂ ಗೊತ್ತಿರುವುದಿಲ್ಲ. ಪೇಪರಿನಲ್ಲಾದರೆ ಮಡಿಕೇರಿಯ ಬಟ್ಟೆ ಅಂಗಡಿಯವರು ಕಚೇರಿಗೆ ಹೋಗಿ ಜಾಹೀರಾತು ಕೊಡುತ್ತಾರೆ. ಕೊಟ್ಟವರು ಯಾರು, ಬಂದ ದುಡ್ಡೆಷ್ಟು, ಎಲ್ಲಾ ಗೊತ್ತಿರುತ್ತದೆ. ವೆಬ್‌ನಲ್ಲಿ ನೀವು ಪುಟ ತೆರೆದ ಕ್ಷಣದಲ್ಲೇ ಜಾಹೀರಾತಿನ ಜಾಗ ಹರಾಜಾಗುತ್ತದೆ. ನೀವು ಯಾವ ಊರಿನವರು, ಯಾವ ಫೋನ್ ಬಳಸುತ್ತೀರಿ, ಮೊದಲು ಏನೇನು ನೋಡಿದ್ದೀರಿ ಎಂಬ ವಿವರ ಹತ್ತಾರು ಕಂಪನಿಗಳಿಗೆ ಹೋಗುತ್ತದೆ. ಹೆಚ್ಚು ಕೂಗಿದವನ ಜಾಹೀರಾತು ಪುಟಕ್ಕೆ ಬಂದು ಕೂರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ಸೈಟುಗಳಲ್ಲೇ ಜಾಹೀರಾತಿನ ದಾರಿಯಲ್ಲಿ ಕಂಪ್ಯೂಟರ್ ಕೆಡಿಸುವ ತಂತ್ರಾಂಶ ನುಸುಳಿತ್ತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಹುಡುಕಾಟದ ಫಲಿತಾಂಶದ ಮೇಲ್ಗಡೆ ಬರುವ ನಕಲಿ ಜಾಹೀರಾತುಗಳ ಬಗ್ಗೆ ಎಚ್ಚರಿಸುತ್ತಾ, ಆ್ಯಡ್ ಬ್ಲಾಕರ್ ಬಳಸಿ ಅಂತ ಜನರಿಗೆ ಹೇಳಿತು. ಪೊಲೀಸರೇ ಬಳಸಿ ಅನ್ನುವಾಗ, ಅಪ್ಪನ ಫೋನಿಗೆ ಹಾಕಲು ನೀವು ಹಿಂಜರಿಯಬೇಕಾಗಿಲ್ಲ.

ಇನ್ನು ನಮ್ಮ ನೆಟ್‌ವರ್ಕ್ ಕಥೆ ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಕೈಕೊಟ್ಟು, ಒಂದು ಕಡ್ಡಿ ಸಿಗ್ನಲ್ ಇದ್ದಾಗ ನಾಲ್ಕು ಸಾಲು ಸುದ್ದಿಗಿಂತ ಮೊದಲು ವಿಡಿಯೊ ಜಾಹೀರಾತು ಬರಲು ಪರದಾಡುತ್ತದೆ. ಬ್ಲಾಕರ್ ಇದ್ದರೆ ಅದನ್ನು ತರಿಸುವ ಕೋರಿಕೆಯೇ ಫೋನಿಂದ ಹೊರಡುವುದಿಲ್ಲ. ಹಾಗಾಗಿ ಡೇಟಾ ಉಳಿಯುತ್ತದೆ, ಪುಟವೂ ಬೇಗ ತೆರೆಯುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿತ್ತು. ಯಾವ ರಸ್ತೆ ತೆರೆದಿದೆ, ಯಾವ ಶಾಲೆಯಲ್ಲಿ ಪರಿಹಾರ ಕೇಂದ್ರ ಇದೆ ಎಂಬಂಥ ಸುದ್ದಿ ಊರಲ್ಲೇ ಇದ್ದು ಬರೆಯುವವರಿಂದ ಮಾತ್ರ ಬರಲು ಸಾಧ್ಯ. ಇವತ್ತಿಗೂ ಭಾಗಮಂಡಲದಲ್ಲಿ ನೀರು ಎಷ್ಟು ಏರಿದೆ, ನಾಳೆ ಶಾಲೆಗೆ ರಜೆ ಇದೆಯಾ, ಆನೆ ಯಾವ ತೋಟದಲ್ಲಿದೆ ಅಂತ ದೆಹಲಿಯ ಚಾನೆಲ್ ಹೇಳುವುದಿಲ್ಲ. ಸಣ್ಣ ಸೈಟು ನಡೆಸುವವರಿಗೆ ಜಾಹೀರಾತಿನಿಂದ ಬರುವ ಚಿಲ್ಲರೆ ಕಾಸೂ ದೊಡ್ಡದೇ. ಅದನ್ನು ತಡೆದು, ಸುದ್ದಿಯನ್ನು ಮಾತ್ರ ತೆಗೆದುಕೊಳ್ಳುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಅದಕ್ಕೇ ನಮ್ಮ ಜಿಲ್ಲೆಯ ಸುದ್ದಿ ಸೈಟುಗಳಿಗೆ ನಾನು ಬ್ಲಾಕರ್ ಆಫ್ ಮಾಡಿದ್ದೇನೆ. ಮನೆಗೆ 'ಶಕ್ತಿ' ಪೇಪರ್ ತರಿಸುತ್ತೇನೆ. ಚಂದಾ ಕಟ್ಟುವ ಅವಕಾಶ ಇದ್ದರೆ ಕಟ್ಟಿಬಿಡಿ. ಅದು ಜಾಹೀರಾತು ನೋಡುವುದಕ್ಕಿಂತ ಎಷ್ಟೋ ನೇರವಾದ ಸಹಾಯ. ಆದರೆ ಊರಿನ ಸೈಟೇ ಆದರೂ ನಕಲಿ 'ಡೌನ್‌ಲೋಡ್' ಬಟನ್, ಅಶ್ಲೀಲ ಚಿತ್ರ ತೋರಿಸಿದರೆ ಮತ್ತೆ ಬ್ಲಾಕ್ ಮಾಡಿ. ಯಾಕೆ ಅಂತ ಅವರಿಗೆ ಒಂದು ಮಾತು ಬರೆದು ತಿಳಿಸಿ.

ಯಾವುದು ಹಾಕಬೇಕು? ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸುವ ಬ್ಲಾಕರ್‌ನಂಥ ಸಣ್ಣ ತಂತ್ರಾಂಶ, ಹಾಕಲು ಆಗುವುದಿಲ್ಲ. ಫೈರ್‌ಫಾಕ್ಸ್ ಎಂಬ ಬೇರೆ ಬ್ರೌಸರ್ ಹಾಕಿ, ಅದರೊಳಗೆ ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್ ಸೇರಿಸಿ. ರೇಮಂಡ್ ಹಿಲ್ ಎಂಬುವರು 2014ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ, ಅವರು ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಹೆಸರಿನಲ್ಲಿ 'ಒರಿಜಿನ್' ಇದೆಯಾ ಅಂತ ನೋಡಿಕೊಳ್ಳಿ, ಬರೀ 'ಯುಬ್ಲಾಕ್' ಅನ್ನುವುದು ಬೇರೆಯವರದ್ದು. ಕಂಪ್ಯೂಟರ್‌ನಲ್ಲಿ ಕ್ರೋಮ್ ತನ್ನ ನಿಯಮ ಬದಲಿಸಿದ ಮೇಲೆ ಇದು ಅಲ್ಲಿ ನಡೆಯುತ್ತಿಲ್ಲ, ಅದರ ಲೈಟ್ ಆವೃತ್ತಿ ಮಾತ್ರ ಸಿಗುತ್ತದೆ. ಆ್ಯಡ್‌ಬ್ಲಾಕ್ ಪ್ಲಸ್ ಕೂಡ ಇದೆ, ಆದರೆ ಅದು ಕೆಲವು ಜಾಹೀರಾತುಗಳನ್ನು 'ಒಪ್ಪುವಂಥವು' ಅಂತ ತಾನೇ ಬಿಡುತ್ತದೆ, ದೊಡ್ಡ ಕಂಪನಿಗಳು ಅದಕ್ಕೆ ದುಡ್ಡು ಕೊಡುತ್ತವೆ. ಯಾರಿಗೆ ಬಿಡಬೇಕು ಅಂತ ನಾನೇ ತೀರ್ಮಾನಿಸಬೇಕು ಅನ್ನುವವನು ನಾನು.

ಸಿಕ್ಕಿದ ಬ್ಲಾಕರನ್ನೆಲ್ಲ ಸುಮ್ನೆ ಹಾಕಿಕೊಳ್ಳಬೇಡಿ. ನೀವು ತೆರೆಯುವ ಎಲ್ಲಾ ಪುಟಗಳನ್ನೂ ಓದುವ ಅನುಮತಿ ಅದಕ್ಕೆ ಸಿಗುತ್ತದೆ. 2017ರಲ್ಲಿ ಇದೇ ಆ್ಯಡ್‌ಬ್ಲಾಕ್ ಪ್ಲಸ್ ಹೆಸರಿನ ನಕಲಿಯೊಂದು ಕ್ರೋಮ್ ಅಂಗಡಿಯಲ್ಲೇ ಕುಳಿತು 37,000ಕ್ಕೂ ಹೆಚ್ಚು ಜನರನ್ನು ಯಾಮಾರಿಸಿತ್ತು.

ಒಂದು ಸೈಟಿಗೆ ಬಿಟ್ಟುಕೊಡಲು, ಆ ಪುಟ ತೆರೆದು, ಫೈರ್‌ಫಾಕ್ಸ್ ಮೆನುವಿನ ಎಕ್ಸ್‌ಟೆನ್ಶನ್‌ನಲ್ಲಿ ಯುಬ್ಲಾಕ್ ಒರಿಜಿನ್ ಒತ್ತಿ. ಅಲ್ಲಿ ಕಾಣುವ ದೊಡ್ಡ ಪವರ್ ಗುರುತನ್ನು ಮುಟ್ಟಿ, ಪುಟವನ್ನು ಮತ್ತೆ ಲೋಡ್ ಮಾಡಿ. ದುಡ್ಡು ಕಟ್ಟುವ ಪುಟ ಅರ್ಧಕ್ಕೆ ನಿಂತರೂ ಇದೇ ದಾರಿ. ಯೂಟ್ಯೂಬ್ ಆ್ಯಪ್, ಗೇಮ್ ಆ್ಯಪ್ ಒಳಗಿನ ಜಾಹೀರಾತಿಗೆ ಇದರಿಂದ ಏನೂ ಆಗುವುದಿಲ್ಲ.

ಅಪ್ಪನ ಫೋನಿನಲ್ಲಿ ಇನ್ನೊಂದು ಕೆಲಸ ಇವತ್ತೇ ಮಾಡಿ. ಹಿಂದೆ 'ಅಲೋ' ಒತ್ತಿದ್ದನ್ನು ಬ್ಲಾಕರ್ ತೆಗೆಯುವುದಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ಸೈಟುಗಳನ್ನೆಲ್ಲ ಬ್ಲಾಕ್ ಮಾಡಿ. ಅಂಥ ಯಾವುದಾದರೂ ಸಂದೇಶ ನಂಬಿ ಅವರು ಈಗಾಗಲೇ ದುಡ್ಡು ಕಳಿಸಿದ್ದರೆ, ಬೈಯಲು ಹೋಗಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.