ಔಷಧಿ ತುಪ್ಪ ಅಂದರೆ ಏನು? ಅದರಿಂದ ಏನು ಉಪಯೋಗ?

ಮೂಲಿಕೆ ಹಾಕಿ ಕಾಯಿಸಿದ ತುಪ್ಪವನ್ನು ಆಯುರ್ವೇದದಲ್ಲಿ ‘ಘೃತ’ ಎನ್ನುತ್ತಾರೆ. ಸುಮ್ನೆ ತುಪ್ಪಕ್ಕೆ ಪುಡಿ ಕಲಸಿದರೆ ಅದು ಘೃತವಾಗುವುದಿಲ್ಲ. ಸಾಮಾನ್ಯ ಲೆಕ್ಕ ಹೀಗಿದೆ: ಅರೆದ ಮೂಲಿಕೆ 1 ಪಾಲು, ತುಪ್ಪ 4 ಪಾಲು, ಕಷಾಯ ಅಥವಾ ರಸ 16 ಪಾಲು. ನೀರಿನಂಶ ಪೂರ್ತಿ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ತಳದಲ್ಲಿ ಉಳಿದ ಮೂಲಿಕೆಯನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯಿರಿ. ಚಟಪಟ ಸದ್ದು ಬರದಿದ್ದರೆ ಹದ ಬಂದಿದೆ ಎಂದರ್ಥ.

ನೆನಪಿನ ಶಕ್ತಿಗೆ ಬ್ರಾಹ್ಮೀ ಘೃತ, ಕಣ್ಣಿಗೆ ತ್ರಿಫಲಾ ಘೃತ, ಚರ್ಮದ ತೊಂದರೆಗೆ ಬೇವು, ಅಮೃತಬಳ್ಳಿ ಹಾಕಿದ ಪಂಚತಿಕ್ತ ಘೃತ ಕೊಡುವ ರೂಢಿಯಿದೆ. ಪಂಚಕರ್ಮ ಎಂಬ ದೇಹಶುದ್ಧಿ ಚಿಕಿತ್ಸೆಗೆ ಮೊದಲು ಕುಡಿಸುವುದೂ ಉಂಟು.

ಎಷ್ಟೆಂದರೂ ಇದು ತುಪ್ಪವೇ ಅಲ್ವಾ? ಕೊಲೆಸ್ಟ್ರಾಲ್ ಜಾಸ್ತಿ ಇರುವವರು ವೈದ್ಯರನ್ನು ಕೇಳದೆ ದಯವಿಟ್ಟು ಶುರು ಮಾಡಬೇಡಿ.