ಗದ್ದಲ ಅವರಿಗೆ ಹೊಸದಲ್ಲ

ಓದುಗರ ಪತ್ರ: ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತಗಾರ ಜಾನ್ ಮಿಶೆಲ್ ಜಾರ್ ಅವರ ‘ಬ್ರೂಟಲಿಸಂ’ ಹಾಡು ಕೇಳಿದೆ. ಎರಡು ನಿಮಿಷ ಕೂಡ ತಡೆಯಲಾಗಲಿಲ್ಲ. ‘ಆಕ್ಸಿಜೆನ್’ ಆಲ್ಬಮ್ ಮಾಡಿದವರು ಇವರೇನಾ? ರಾಗ ಅನ್ನೋದೇ ಇಲ್ಲ, ಬರೀ ಗದ್ದಲ. ಎಪ್ಪತ್ತು ದಾಟಿದ ಮೇಲೆ ಹುಡುಗರ ಜೊತೆ ಓಡಲು ಹೊರಟಿದ್ದಾರೆ ಅನ್ನಿಸಿತು. ನಿಮಗೆ ಹೇಗನ್ನಿಸಿತು?

ಸಂಪಾದಕರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ‘ಆಕ್ಸಿಜೆನ್’ ಗುಂಗಿನಲ್ಲೇ ಈ ಹಾಡಿಗೆ ಕಿವಿ ಕೊಟ್ಟರೆ ಮೊದಲು ತಾಗುವುದು ಬಡಿತ. ಗುನುಗಲು ಒಂದು ಸಾಲೂ ಕೈಗೆ ಸಿಗುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ಹುಡುಗರ ಜೊತೆ ಓಡುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಗದ್ದಲವನ್ನು ಅವರು ಈಗ ಯಾರಿಂದಲೋ ಕಡ ತಂದಿಲ್ಲ. ಅವರ ಕಲಿಕೆ ಶುರುವಾದದ್ದೇ ಅಲ್ಲಿ.

1948ರಲ್ಲಿ ಪ್ಯಾರಿಸ್‌ನಲ್ಲಿ ಪಿಯೆರ್ ಶೆಫರ್ ರೈಲಿನ ಸದ್ದುಗಳನ್ನು ಧ್ವನಿಮುದ್ರಿಸಿಕೊಂಡು, ಜೋಡಿಸಿ ಒಂದು ಸಂಗೀತ ಕೃತಿ ಮಾಡಿದರು. ಜಾರ್ ಹುಟ್ಟಿದ್ದೂ ಅದೇ ವರ್ಷ, ಲಿಯೋನ್‌ನಲ್ಲಿ. ಶೆಫರ್ ಜೊತೆ ಸೇರಿಕೊಂಡ ಪಿಯೆರ್ ಆನ್ರಿ ಈ ದಾರಿಯಲ್ಲಿ ಇನ್ನೂ ದೂರ ಹೋದರು. ಒಂದು ಬಾಗಿಲು, ಒಂದು ನಿಟ್ಟುಸಿರು, ಇವನ್ನೇ ಹೆಸರಿನಲ್ಲೂ ಇಟ್ಟುಕೊಂಡು 1963ರಲ್ಲಿ ದೊಡ್ಡ ಕೃತಿ ಕಟ್ಟಿದರು. ಬಾಗಿಲು ಅಲ್ಲಿ ಕಿರುಗುಟ್ಟುತ್ತದೆ, ನರಳುತ್ತದೆ, ಒಮ್ಮೊಮ್ಮೆ ಪ್ರಾಣಿಯ ಹಾಗೆ ಗುರುಗುಟ್ಟುತ್ತದೆ. ಅರವತ್ತರ ದಶಕದ ಕೊನೆಗೆ ಜಾರ್ ಕಲಿಯಲು ಹೋದದ್ದು ಶೆಫರ್ ಅವರ ಸಂಶೋಧನಾ ತಂಡಕ್ಕೆ. ಸ್ವರಕ್ಕೆ ಒಂದು ಮರ್ಯಾದೆ, ಸದ್ದಿಗೆ ಇನ್ನೊಂದು ಅನ್ನುವ ಭೇದ ಅಲ್ಲಿರಲಿಲ್ಲ.

‘ಬ್ರೂಟಲಿಸಂ’ ಇರುವ ‘ಆಕ್ಸಿಮೋರ್’ ಆಲ್ಬಮ್ (2022) ಇದೇ ಆನ್ರಿ ಅವರಿಗೆ ಸಲ್ಲಿಸಿದ ಗೌರವ. ಇಬ್ಬರೂ ಸೇರಿ ಕೆಲಸ ಮಾಡಬೇಕು ಅಂದುಕೊಂಡಿದ್ದರು. ಅದು ಆಗುವ ಮೊದಲೇ, 2017ರಲ್ಲಿ, ಆನ್ರಿ ತೀರಿಕೊಂಡರು. ಅವರು ಬಿಟ್ಟುಹೋದ ಕೆಲವು ಸದ್ದುಗಳು ಅವರ ಹೆಂಡತಿಯ ಮೂಲಕ ಜಾರ್ ಕೈಗೆ ಬಂದವು, ಆಲ್ಬಮ್‌ನಲ್ಲಿ ಬಳಕೆಯೂ ಆದವು. ಇದನ್ನು ಓದಿದ ಮೇಲೆ ಆ ಗದ್ದಲ ನನಗೆ ಬೇರೆಯೇ ಥರ ಕೇಳಿಸಿತು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಶಿಷ್ಯನೊಬ್ಬ ಹಿರಿಯರ ಕೆಲಸವನ್ನು ಮುಂದುವರಿಸಿದ್ದಾನೆ. ಇದಕ್ಕೂ ಫ್ಯಾಶನ್ನಿಗೂ ಏನು ಸಂಬಂಧ?

ಇನ್ನು ‘ಆಕ್ಸಿಜೆನ್’. 1976ರ ಆ ಆಲ್ಬಮ್ಮಿನ ಕೊನೆಯ ಭಾಗವನ್ನು ಮತ್ತೆ ಹಾಕಿ ನೋಡಿ. ಅಲೆಯ ಸದ್ದು ಬರುತ್ತದಲ್ವಾ? ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್‌ನಲ್ಲಿ ಇಂಥ ಅಲೆ ಹುಟ್ಟುವುದು ‘ಬಿಳಿ ಸದ್ದಿನಿಂದ’. ಸ್ಟೇಶನ್ ಸಿಗದ ರೇಡಿಯೋ ಸುಯ್ಯೆನ್ನುತ್ತದಲ್ಲ, ಅದೇ. ಅದನ್ನು ಸದ್ದು ಸೋಸುವ ಒಂದು ಫಿಲ್ಟರ್ ಮೂಲಕ ಹರಿಸಿ, ಫಿಲ್ಟರನ್ನು ಮೆಲ್ಲಗೆ ತೆರೆದು ಮುಚ್ಚಿದರೆ ಅಲೆ ಬಂದು ಹೋಗುತ್ತದೆ. ಅಂದರೆ ನಿಮ್ಮ ಪ್ರೀತಿಯ ಆಲ್ಬಮ್‌ನಲ್ಲೂ ಗದ್ದಲ ಇತ್ತು. ಮೇಲೆ ಇಂಪಾದ ರಾಗ ಇದ್ದದ್ದರಿಂದ ಅದು ಗದ್ದಲ ಅನ್ನಿಸಲಿಲ್ಲ. 1984ರ ‘ಝೂಲುಕ್’ನಲ್ಲಂತೂ ಹಲವು ಭಾಷೆಯ ಜನರ ಮಾತನ್ನೇ ಚೂರು ಮಾಡಿ ವಾದ್ಯದ ಹಾಗೆ ನುಡಿಸಿದ್ದರು.

ಹಾಗಂತ ‘ಬ್ರೂಟಲಿಸಂ’ನಲ್ಲಿ ಕೊರತೆಯೇ ಇಲ್ಲ ಅನ್ನುವುದಿಲ್ಲ. ಬಡಿತದ ಜೋರು ಜಾಸ್ತಿಯಾಯಿತು. ಅದರ ಹಿಂದೆ ಸಣ್ಣ ಸಣ್ಣ ಲೋಹದ ಸದ್ದುಗಳು ಮಿಂಚಿ ಮಾಯವಾಗುತ್ತವೆ. ನನಗೆ ಬೇಕಾದದ್ದು ಅವೇ, ಅವಕ್ಕೆ ಉಸಿರಾಡಲು ಜಾಗ ಕೊಟ್ಟಿಲ್ಲ. ಆಲ್ಬಮ್ ಬರುವ ಮೊದಲು ಎಲ್ಲರ ಗಮನ ಸೆಳೆಯಲಿ ಅಂತ ಈ ಹಾಡನ್ನು ಮುಂದೆ ಬಿಟ್ಟಿದ್ದಾರೆ, ಆ ಅವಸರ ಅದರಲ್ಲಿ ಕಾಣುತ್ತದೆ. ಬಿಡಿಯಾಗಿ ಕೇಳುವುದಕ್ಕಿಂತ ಇಡೀ ಆಲ್ಬಮ್ಮಿನ ನಡುವೆ ಇದು ಚೆನ್ನಾಗಿ ಕೂರುತ್ತದೆ.

ಒಂದು ಕೆಲಸ ಮಾಡಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿದ್ದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಈ ಆಲ್ಬಮ್‌ಗೆ ಹೆಡ್‌ಫೋನಿಗೆಂದೇ ಮಾಡಿದ ಬೈನಾರಲ್ ರೂಪ ಇದೆ. ಅದರಲ್ಲಿ ಸದ್ದುಗಳು ತಲೆಯ ಸುತ್ತ, ಹಿಂದಿನಿಂದ, ಮೇಲಿನಿಂದ ಬಂದ ಹಾಗಿರುತ್ತವೆ. ಯಾವ ಸದ್ದು ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದೇ ಇಲ್ಲಿ ರಾಗದ ಕೆಲಸ ಮಾಡುತ್ತದೆ. ಇಂಗ್ಲೆಂಡಿನ ಡಿಪೆಶ್ ಮೋಡ್ ಸಂಗೀತ ತಂಡದ ಮಾರ್ಟಿನ್ ಗೋರ್ ಜೊತೆ ಮಾಡಿದ ಇದೇ ಹಾಡಿನ ಇನ್ನೊಂದು ರೂಪವೂ ಇದೆ, ಅದನ್ನೂ ಕೇಳಿ.

ಆಮೇಲೂ ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಅಂತ ವಿವರವಾಗಿ ಬರೆಯಿರಿ. ಖಂಡಿತ ಪ್ರಕಟಿಸುತ್ತೇವೆ.